ಏನು ಓದುತ್ತೀರಿ ಎಂದರೆ ಕಾಫಿ ರೇಟಿನಿಂದಲೇ ಶುರು ಮಾಡಿ

ಐಇಎಲ್‌ಟಿಎಸ್ ಸ್ಪೀಕಿಂಗ್ ಪರೀಕ್ಷೆಯಲ್ಲಿ ಊರು, ಮನೆ, ಕೆಲಸ ವಿಚಾರಿಸಿ ಮುಗಿದ ಮೇಲೆ ಬರುವ ಪ್ರಶ್ನೆಗಳಲ್ಲಿ ತೀರಾ ಸಾಧುವಾದದ್ದು ‘ಡು ಯೂ ಲೈಕ್ ರೀಡಿಂಗ್?’ ಎಂಬುದು. ಸಾಧುವಾಗಿ ಕಾಣುವುದರಿಂದಲೇ ಎಡವುವವರು ಜಾಸ್ತಿ. ಯೆಸ್ ಎನ್ನುತ್ತಾರೆ. ಓದಿದರೆ ಜ್ಞಾನ ಹೆಚ್ಚುತ್ತದೆ, ಪುಸ್ತಕಗಳೇ ನಮ್ಮ ಒಳ್ಳೆಯ ಗೆಳೆಯರು ಎಂದು ಹೈಸ್ಕೂಲು ಪ್ರಬಂಧದ ಎರಡು ವಾಕ್ಯ ಒಪ್ಪಿಸಿ ಸುಮ್ಮನಾಗುತ್ತಾರೆ. ಇತ್ತೀಚೆಗೆ ಏನು ಓದಿದಿರಿ ಎಂದು ಕೇಳಿದರೆ ಹ್ಯಾರಿ ಪಾಟರ್ ಇಲ್ಲವೇ ‘ವಿಂಗ್ಸ್ ಆಫ್ ಫೈರ್’ ಹೊರಬರುತ್ತದೆ. ಅದರಲ್ಲಿ ಯಾವ ಭಾಗ ಹಿಡಿಸಿತು ಎಂಬ ಮೂರನೆಯ ಪ್ರಶ್ನೆಗೆ ಮಾತು ನಿಂತೇಬಿಡುತ್ತದೆ. ಓದಿದ್ದರೆ ತಾನೇ ಹೇಳುವುದು.

ಹಾಗಂತ ಇವರು ಏನೂ ಓದದವರಲ್ಲ. ಸಕಲೇಶಪುರ, ಆಲೂರು ಕಡೆಯ ತೋಟದ ಮನೆಗಳಲ್ಲಿ ಹಾಸಿಗೆಯಿಂದ ಏಳುವ ಮೊದಲೇ ಓದು ಶುರುವಾಗಿರುತ್ತದೆ. ಆನೆ ಹಿಂಡು ರಾತ್ರಿ ಯಾವ ತೋಟದಲ್ಲಿತ್ತು ಎಂಬ ವಾಟ್ಸಾಪ್ ಸಂದೇಶ, ಅರೇಬಿಕಾ ಪಾರ್ಚ್‌ಮೆಂಟಿನ ಐವತ್ತು ಕೆಜಿ ಚೀಲಕ್ಕೆ ಇವತ್ತೆಷ್ಟು, ರೋಬಸ್ಟಾ ಚೆರಿಗೆ ಎಷ್ಟು ಎಂಬ ಪಟ್ಟಿ, ಶಿರಾಡಿ ಘಾಟಿಯಲ್ಲಿ ರಸ್ತೆ ಬಂದ್ ಆಗಿದೆಯೇ ಎಂಬ ಸುದ್ದಿ, ಆಮೇಲೆ ಬಸ್ಸಿನಲ್ಲಿ ಬಂದು ಅಂಗಡಿಯಲ್ಲಿ ಬಿದ್ದಿರುವ ಪತ್ರಿಕೆ. ಮನೆಯ ಕಪಾಟಿನಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಒಂದೆರಡು ಪುಸ್ತಕ ಇದ್ದೇ ಇರುತ್ತವೆ. ಇಷ್ಟೆಲ್ಲ ಓದುವವರು ಪರೀಕ್ಷಕರ ಮುಂದೆ ಕೂತ ಕೂಡಲೇ ತಾವು ಕಾಣದ ಬ್ರಿಟನ್ನಿನ ಮಾಯಾಜಾಲದ ಶಾಲೆಗೆ ಯಾಕೆ ಓಡಬೇಕು?

ನರ್ಸಿಂಗ್ ಮುಗಿಸಿ ಬ್ರಿಟನ್ನಿಗೆ, ಎಂಜಿನಿಯರಿಂಗ್ ಮುಗಿಸಿ ಕೆನಡಾ ಅಥವಾ ಆಸ್ಟ್ರೇಲಿಯಾಕ್ಕೆ ಹೊರಡುವ ತಯಾರಿಯಲ್ಲಿರುವವರಿಗಾಗಿ ಈ ಬರಹ. ಓದಿನ ಬಗ್ಗೆ ಕೇಳುವ ಪ್ರಶ್ನೆಗಳಿಗೆ ನಮ್ಮದೇ ಸರಕಿನಿಂದ ಹೇಗೆ ಸಿದ್ಧವಾಗಬಹುದು ಎಂಬುದಷ್ಟೇ ಇಲ್ಲಿಯ ವಿಷಯ. ನರ್ಸುಗಳಿಗೆ ಒಂದು ಸೂಚನೆ: ನೀವು ಐಇಎಲ್‌ಟಿಎಸ್ ಬದಲು ಒಇಟಿ ಪರೀಕ್ಷೆ ಆರಿಸಿಕೊಂಡಿದ್ದರೆ ಅಲ್ಲಿ ಕೇಳುವುದು ರೋಗಿಯೊಡನೆ ಅಥವಾ ರೋಗಿಯ ಕಡೆಯವರೊಡನೆ ನಡೆಸುವ ಎರಡು ಸಂಭಾಷಣೆ, ಪುಸ್ತಕದ ಪ್ರಶ್ನೆ ಬರುವುದಿಲ್ಲ. ಐಇಎಲ್‌ಟಿಎಸ್ ಮೂಲಕ ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್‌ಗೆ ಅರ್ಜಿ ಹಾಕುವವರಿಗೆ ಓದು, ಆಲಿಸುವಿಕೆ, ಮಾತು ಮೂರರಲ್ಲೂ 7 ಬೇಕು, ಬರವಣಿಗೆಯಲ್ಲಿ 6.5 ಸಾಕು. ಮಾತಿನಲ್ಲಿ ಅರ್ಧ ಬ್ಯಾಂಡ್ ಕಡಿಮೆಯಾದರೂ ಕೆಲಸ ಕೆಟ್ಟಂತೆ.

ಅಂಕ ಯಾವುದಕ್ಕೆ

ಸ್ಪೀಕಿಂಗ್ ಪರೀಕ್ಷೆ 11ರಿಂದ 14 ನಿಮಿಷ. ಮೊದಲ ಭಾಗ ನಾಲ್ಕೈದು ನಿಮಿಷದ ಪರಿಚಯದ ಮಾತು. ಎರಡನೆಯದರಲ್ಲಿ ಒಂದು ಕಾರ್ಡ್ ಕೊಡುತ್ತಾರೆ. ಒಂದು ನಿಮಿಷ ಯೋಚಿಸಿ, ಒಂದರಿಂದ ಎರಡು ನಿಮಿಷ ಒಬ್ಬರೇ ಮಾತಾಡಬೇಕು. ಮೂರನೆಯದು ಮತ್ತೆ ನಾಲ್ಕೈದು ನಿಮಿಷ, ಅದೇ ವಿಷಯವನ್ನು ಸಮಾಜಕ್ಕೆ ಹಿಗ್ಗಿಸಿ ನಡೆಸುವ ಚರ್ಚೆ. ಎದುರಿಗೆ ಕೂತವರು ಮನುಷ್ಯರೇ, ಕೆಲವು ಕೇಂದ್ರಗಳಲ್ಲಿ ವಿಡಿಯೊ ಕಾಲ್ ಮೂಲಕ ಸಿಗುತ್ತಾರೆ. ಎಲ್ಲವೂ ರೆಕಾರ್ಡ್ ಆಗುತ್ತದೆ.

ಅಂಕ ನಾಲ್ಕು ಬಾಬತ್ತಿಗೆ: ತಡವರಿಸದೆ, ಒಂದಕ್ಕೊಂದು ಕೊಂಡಿ ಇಟ್ಟು ಮಾತಾಡುವುದು, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮಪಾಲು. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಓದಿದ ಪುಸ್ತಕ ದೊಡ್ಡದೋ ಚಿಕ್ಕದೋ, ಇಂಗ್ಲಿಷೋ ಕನ್ನಡವೋ ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ. ನಿಮ್ಮ ಅಭಿರುಚಿಗೂ ಅಂಕವಿಲ್ಲ, ಹೇಳಿದ್ದು ನಿಜವೇ ಎಂದು ತನಿಖೆ ಮಾಡುವವರೂ ಇಲ್ಲ. ಹಾಗಾದರೆ ಸುಳ್ಳೇ ಹೇಳಬಹುದಲ್ಲ ಎನ್ನಬಹುದು. ಹೇಳಬಹುದು, ಆದರೆ ದುಬಾರಿ. ಓದದ ಪುಸ್ತಕದ ಬಗ್ಗೆ ಮಾತಾಡುವಾಗ ಮನಸ್ಸು ಎರಡು ಕೆಲಸ ಮಾಡಬೇಕು: ಕಥೆ ಕಟ್ಟಬೇಕು, ಇಂಗ್ಲಿಷೂ ಕಟ್ಟಬೇಕು. ತಡವರಿಕೆ ಬರುವುದು ಅಲ್ಲಿ. ಗೊತ್ತಿರುವ ಸಂಗತಿಯಾದರೆ ಇಂಗ್ಲಿಷಿನ ಕೆಲಸ ಒಂದೇ.

ಬಾಯಿಪಾಠದ ಉತ್ತರದ ಕಥೆಯೂ ಹೀಗೆಯೇ. ಒಂದೇ ಕೋಚಿಂಗ್ ಹಾಳೆಯಿಂದ ಬಂದ ಉತ್ತರಗಳನ್ನು ದಿನವಿಡೀ ಕೇಳುವ ಪರೀಕ್ಷಕರಿಗೆ ಅದು ಮೊದಲ ವಾಕ್ಯದಲ್ಲೇ ಗೊತ್ತಾಗುತ್ತದೆ. ಪ್ರಶ್ನೆಯ ದಿಕ್ಕು ಬದಲಿಸುತ್ತಾರೆ, ಕಲಿತದ್ದು ಕೈಕೊಡುತ್ತದೆ. ಒಪ್ಪಿಸುವ ದನಿ ಒಂದು, ಯೋಚಿಸಿ ಹೇಳುವ ದನಿ ಇನ್ನೊಂದು. ಎರಡರ ನಡುವಿನ ಬಿರುಕು ರೆಕಾರ್ಡಿಂಗಿನಲ್ಲೂ ಕೇಳಿಸುತ್ತದೆ.

ಮೊದಲು ನಿಮ್ಮ ಓದನ್ನು ಎಣಿಸಿ

ಒಂದು ವಾರ, ಕಣ್ಣಿಗೆ ಬಿದ್ದು ಓದಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ಪುಸ್ತಕಗಳ ಪಟ್ಟಿ ಮಾಡಬೇಡಿ, ಓದಿನ ಪಟ್ಟಿ ಮಾಡಿ. ಪತ್ರಿಕೆಯಲ್ಲಿ ಮೊದಲು ತೆರೆಯುವ ಪುಟ ಯಾವುದು? ‘ಸುಧಾ’, ‘ಮಯೂರ’ ಸಿಕ್ಕರೆ ಕತೆ ಓದುತ್ತೀರೋ, ಅಡುಗೆ ಪುಟವೋ? ಗೊಬ್ಬರದ ಚೀಲದ ಹಿಂದೆ ಬರೆದದ್ದನ್ನು ಓದುವವರು ನೀವೋ ಅಪ್ಪನೋ? ಹೋಂಸ್ಟೇ ಇದ್ದರೆ ಅತಿಥಿಗಳು ಬರೆದ ಇಂಗ್ಲಿಷ್ ರಿವ್ಯೂ ಓದುತ್ತೀರಲ್ಲ, ಅದೂ ಓದೇ. ಎದುರಿಗೆ ಇನ್ನೆರಡು ಸಾಲು ಬರೆಯಿರಿ: ಎಲ್ಲಿ ಕೂತು ಓದಿದ್ದು, ಯಾಕೆ ಓದಿದ್ದು. ಮೊದಲ ಭಾಗದ ಪ್ರಶ್ನೆಗಳೆಲ್ಲ ಈ ಎರಡು ಸಾಲಿನ ಸುತ್ತಲೇ ತಿರುಗುತ್ತವೆ. ಯಾವ ಹೊತ್ತಿನಲ್ಲಿ ಓದುತ್ತೀರಿ, ಚಿಕ್ಕಂದಿನಲ್ಲಿ ಓದುತ್ತಿದ್ದಿರಾ, ಕಾಗದದ ಪುಸ್ತಕ ಇಷ್ಟವೋ ಫೋನೋ, ಪುಸ್ತಕವನ್ನು ಉಡುಗೊರೆ ಕೊಡುತ್ತೀರಾ ಎಂಬಂಥವು.

ಕಾಫಿ ರೇಟನ್ನೇ ತೆಗೆದುಕೊಳ್ಳೋಣ. ‘ಟು ಬಿ ಆನೆಸ್ಟ್, ದ ಫಸ್ಟ್ ಥಿಂಗ್ ಐ ರೀಡ್ ಎವ್ರಿ ಮಾರ್ನಿಂಗ್ ಈಸ್ ದ ಕಾಫಿ ಪ್ರೈಸ್. ವಿ ಗ್ರೋ ರೋಬಸ್ಟಾ, ಸೋ ಮೈ ಫಾದರ್ ವಾಂಟ್ಸ್ ಟು ನೋ ವೆದರ್ ಟು ಸೆಲ್ ಆರ್ ವೇಟ್.’ ಎರಡೇ ವಾಕ್ಯ. ಆದರೆ ಅವುಗಳಲ್ಲಿ ಅಭ್ಯಾಸ ಹೇಳುವ ವರ್ತಮಾನಕಾಲ ಇದೆ, ಕಾರಣ ಇದೆ, ‘ವೆದರ್’ ಬಳಸಿದ ಮಿಶ್ರ ವಾಕ್ಯ ಇದೆ. ಅರೇಬಿಕಾದ ಬೆಲೆ ನ್ಯೂಯಾರ್ಕಿನ ಪೇಟೆ ನೋಡಿ ಕುಣಿಯುತ್ತದೆ, ರೋಬಸ್ಟಾದ್ದು ಲಂಡನ್ನಿನದು ನೋಡಿ. ಬ್ರೆಜಿಲ್‌ನಲ್ಲಿ ಬರ ಬಿದ್ದರೆ ಇಲ್ಲಿ ಚೀಲದ ಬೆಲೆ ಏರುತ್ತದೆ. ಇದು ನಿಮ್ಮ ಮನೆಯ ಹಿರಿಯರಿಗೆ ಕಣದಲ್ಲಿ ನಿಂತು ಹೇಳಲು ಬರುವ ಮಾತು. ಇದನ್ನೇ ನೀವು ಇಂಗ್ಲಿಷಿನಲ್ಲಿ ಹೇಳಿದರೆ ‘ಫ್ಲಕ್ಚುಯೇಟ್’, ‘ಡ್ರಾಟ್’, ‘ಹಾರ್ವೆಸ್ಟ್’, ‘ಡಿಪೆಂಡ್ ಆನ್’ ತಾವಾಗಿ ಬಂದು ಕೂರುತ್ತವೆ. ಪದಸಂಪತ್ತು ಅಂದರೆ ಇದು. ‘ಬುಕ್‌ವರ್ಮ್’, ‘ಪೇಜ್ ಟರ್ನರ್’ ಎಂದು ಹಾಳೆಯಲ್ಲಿ ಕೊಟ್ಟ ಬಣ್ಣದ ಪದಗಳನ್ನು ಪೋಣಿಸುವುದರಿಂದ ಸಿಗುವ ಲಾಭ, ಜಾಗ ತಪ್ಪಿ ಬಳಸಿದಾಗ ಆಗುವ ನಷ್ಟಕ್ಕಿಂತ ಕಡಿಮೆ.

ಪತ್ರಿಕೆಯ ಪ್ರಶ್ನೆಗೂ ನಮ್ಮ ಕಡೆ ಸರಕಿಗೆ ಬರವಿಲ್ಲ. ‘ಈಚಿನ ವರ್ಷಗಳಲ್ಲಿ ನಿಮ್ಮನ್ನು ಕಲಕಿದ ಸುದ್ದಿಯೊಂದನ್ನು ವಿವರಿಸಿ’ ಎಂಬ ಕಾರ್ಡ್ ಬಂತು ಅಂದುಕೊಳ್ಳಿ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಬಂದಿದ್ದ ದಸರಾ ಆನೆ ಅರ್ಜುನ ಕಾದಾಟದಲ್ಲಿ ಸತ್ತಿತು. ಎಂಟು ಸಲ ಮೈಸೂರಿನಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ. ಆ ಸುದ್ದಿಯನ್ನು ಎಲ್ಲಿ ಓದಿದಿರಿ, ಮನೆಯಲ್ಲಿ ಏನು ಮಾತಾಯಿತು, ತೋಟಕ್ಕೆ ಆನೆ ಬರುವ ಊರಿನವರಾಗಿ ನಿಮಗೆ ಅನಿಸಿದ್ದೇನು? ಎರಡು ನಿಮಿಷ ಸಾಲದೆ ಬರಬಹುದು.

ಓದುವುದೇ ಇಷ್ಟವಿಲ್ಲದವರೂ ಇದ್ದಾರೆ. ಅವರಿಗೆ ನೇರವಾದ ದಾರಿ ಇದೆ: ಇಲ್ಲ ಎನ್ನಿ. ‘ನಾಟ್ ರಿಯಲಿ’ ಎಂಬುದು ಪೂರ್ಣ ಮರ್ಯಾದೆಯ ಉತ್ತರ, ಅದಕ್ಕೆ ಕಾರಣ ಜೊತೆಗಿದ್ದರೆ. ಸಾಲಿನ ಮೇಲೆ ಕಣ್ಣಿಟ್ಟರೆ ನಿದ್ದೆ ಬರುತ್ತದೆ, ಕ್ರಿಕೆಟ್ ವಿಡಿಯೊ ನೋಡುತ್ತೇನೆ, ಓದಬೇಕಾದರೆ ಸ್ಕೋರ್ ಕಾರ್ಡ್ ಓದುತ್ತೇನೆ. ಮೂರು ವಾಕ್ಯ, ಮೂರೂ ನಿಜ. ಮೊದಲ ಭಾಗದ ಉತ್ತರಕ್ಕೆ ಎರಡರಿಂದ ನಾಲ್ಕು ವಾಕ್ಯ ಹದ. ಒಂದೇ ಪದದಲ್ಲಿ ಮುಗಿಸಿದರೆ ಅವರಿಗೆ ಅಳೆಯಲು ಏನೂ ಸಿಗುವುದಿಲ್ಲ. ಭಾಷಣಕ್ಕೆ ಇಳಿದರೆ ಅವರೇ ತಡೆಯುತ್ತಾರೆ.

ಎರಡು ನಿಮಿಷಕ್ಕೆ ಒಂದು ಪುಸ್ತಕ

ಎರಡನೆಯ ಭಾಗಕ್ಕೆ ಪುಸ್ತಕ ಬೇಕೇ ಬೇಕು. ‘ಡಿಸ್ಕ್ರೈಬ್ ಅ ಬುಕ್’ ಎಂಬ ಕಾರ್ಡ್ ಬೇರೆ ಬೇರೆ ವೇಷದಲ್ಲಿ ಬರುತ್ತದೆ: ಇನ್ನೊಮ್ಮೆ ಓದಬೇಕೆನಿಸುವ ಪುಸ್ತಕ, ಬಾಲ್ಯದ ಕತೆ, ಏನಾದರೂ ಕಲಿಸಿದ ಪುಸ್ತಕ, ಭೇಟಿಯಾಗಬೇಕೆನಿಸುವ ಲೇಖಕ. ಪ್ರತಿಯೊಂದಕ್ಕೂ ಒಂದೊಂದು ಪುಸ್ತಕ ಹುಡುಕುತ್ತಾ ಹೋಗಬೇಡಿ. ಚೆನ್ನಾಗಿ ಬಲ್ಲ ಒಂದೇ ಪುಸ್ತಕ ಇವಿಷ್ಟಕ್ಕೂ ಸಾಕಾಗುತ್ತದೆ.

ನನ್ನನ್ನು ಕೇಳಿದರೆ ಈ ಗುಡ್ಡಗಳ ಕಡೆಯವರಿಗೆ ‘ಕರ್ವಾಲೊ’ಗಿಂತ ಒಳ್ಳೆಯ ಆಯ್ಕೆ ಇಲ್ಲ. 1980ರಲ್ಲಿ ಬಂದ ಚಿಕ್ಕ ಕಾದಂಬರಿ, ಎರಡು ಸಂಜೆಯಲ್ಲಿ ಮುಗಿಯುತ್ತದೆ. ಪಕ್ಕದ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿ ಬರೆದದ್ದು. ಅದರ ಕಾಡು, ಜಿಗಣೆ, ಜೇನು, ಜಗಳ ಎಲ್ಲ ನಿಮಗೆ ಗೊತ್ತಿರುವವೇ. ಕತೆಯ ಎಲುಬು ಇಂಗ್ಲಿಷಿನಲ್ಲಿ ಹೇಳಲು ಸಲೀಸು: ಒಬ್ಬ ಕೃಷಿಕ, ಒಬ್ಬ ವಿಜ್ಞಾನಿ, ಓದುಬರಹಕ್ಕಿಂತ ಕಾಡನ್ನು ಚೆನ್ನಾಗಿ ಬಲ್ಲ ಮಂದಣ್ಣ, ಕಿವಿ ಎಂಬ ನಾಯಿ, ಮತ್ತು ಇವರೆಲ್ಲ ಸೇರಿ ಹುಡುಕಿಕೊಂಡು ಹೋಗುವ ಹಾರುವ ಓತಿ. ಓತಿಗೆ ‘ಫ್ಲೈಯಿಂಗ್ ಲಿಜರ್ಡ್’ ಎಂದರೆ ಆಯಿತು. ಮಂದಣ್ಣನ ಬಗ್ಗೆ ಹೇಳುವಾಗ ‘ಎವ್ರಿವನ್ ಥಿಂಕ್ಸ್ ಹೀ ಈಸ್ ಯೂಸ್‌ಲೆಸ್, ಬಟ್ ದ ಸೈಂಟಿಸ್ಟ್ ನೋಸ್ ಬೆಟರ್’ ಎಂಬಂಥ ಒಂದು ವಾಕ್ಯ ಕೇಳುವವರ ಕುತೂಹಲ ಕೆರಳಿಸುತ್ತದೆ. ಕೊನೆಗೆ ಏನಾಯಿತೆಂದು ಬಿಟ್ಟುಕೊಡದಿದ್ದರೂ ನಡೆಯುತ್ತದೆ. ‘ಐ ವೋಂಟ್ ಟೆಲ್ ಯೂ ದ ಎಂಡಿಂಗ್’ ಎಂದು ನಗುತ್ತಾ ಮುಗಿಸಿದರೆ ಮಾತಿಗೊಂದು ಸಹಜವಾದ ಮುಕ್ತಾಯವೂ ಸಿಕ್ಕಿತು. ಥ್ರಿಲ್ಲರ್ ಬೇಕೆನ್ನುವವರಿಗೆ ಅವರದೇ ‘ಜುಗಾರಿ ಕ್ರಾಸ್’ ಇದೆ, ಏಲಕ್ಕಿ ಮಾರಲು ಹೊರಟ ದಂಪತಿಯ ಕತೆ.

ಕನ್ನಡ ಪುಸ್ತಕದ ಹೆಸರು ಹೇಳಿದರೆ ಪರೀಕ್ಷಕರಿಗೆ ಗೊತ್ತಿರುತ್ತದೆಯೇ ಎಂಬ ಅಳುಕು ಹಲವರಿಗೆ. ಗೊತ್ತಿಲ್ಲದಿರುವುದು ನಿಮಗೆ ಅನುಕೂಲ. ಅವರಿಗೆ ವಿವರಿಸಬೇಕಾಗುತ್ತದೆ, ವಿವರಿಸುವುದೇ ಈ ಪರೀಕ್ಷೆಯ ಕೆಲಸ. ಹಾಸನದ ವಕೀಲೆ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಅದನ್ನು ಇಂಗ್ಲಿಷಿಗೆ ತಂದ ಮಡಿಕೇರಿಯ ದೀಪಾ ಭಾಸ್ತಿ ಕನ್ನಡ, ಉರ್ದು ಪದಗಳನ್ನು ಓರೆ ಅಕ್ಷರವಿಲ್ಲದೆ, ಅಡಿಟಿಪ್ಪಣಿಯಿಲ್ಲದೆ ಹಾಗೇ ಉಳಿಸಿಕೊಂಡರು. ಲಂಡನ್ನಿನ ತೀರ್ಪುಗಾರರಿಗೆ ಅದು ಅಡ್ಡಿಯಾಗಲಿಲ್ಲ. ನೀವೂ ಊರಿನ ಹೆಸರು, ತಿಂಡಿಯ ಹೆಸರು, ಪುಸ್ತಕದ ಹೆಸರನ್ನು ಸಂಕೋಚವಿಲ್ಲದೆ ಹೇಳಿ, ಹಿಂದೆಯೇ ಅರ್ಧ ವಾಕ್ಯದಲ್ಲಿ ಬಿಡಿಸಿ. ‘ವಿಚ್ ಈಸ್ ಅ ಕೈಂಡ್ ಆಫ್…’ ಎಂಬ ನಾಲ್ಕೈದು ಪದ ಕೈಯಲ್ಲಿದ್ದರೆ ಎಲ್ಲ ಕಡೆ ದಾಟಿಸುತ್ತದೆ. ‘ಹಾರ್ಟ್ ಲ್ಯಾಂಪ್’ ನಿಮ್ಮ ಜಿಲ್ಲೆಯದೇ ಪುಸ್ತಕ, ಅದರ ಕತೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತವೆ. ಒಂದೇ ಕತೆಯನ್ನು ಎರಡೂ ಭಾಷೆಯಲ್ಲಿ ಓದಿ ಪಕ್ಕಪಕ್ಕ ಇಟ್ಟು ನೋಡುವುದು ಯಾವ ಗ್ರಾಮರ್ ಪುಸ್ತಕಕ್ಕೂ ಕಡಿಮೆಯಲ್ಲದ ಪಾಠ.

ಹೊರದೇಶಕ್ಕೆ ಹೊರಟವರಿಗೆ ಇನ್ನೊಂದು ಪುಸ್ತಕ ನೆನಪಿಸಬೇಕು. ಸಕಲೇಶಪುರ, ಆಲೂರು ದಾಟಿ ಹೇಮಾವತಿ ಅಣೆಕಟ್ಟಿಗೆ ಸೇರುವಲ್ಲಿ ಗೊರೂರು ಇದೆಯಲ್ಲ, ಆ ಊರಿನ ರಾಮಸ್ವಾಮಿ ಅಯ್ಯಂಗಾರರು ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಬಂದು ‘ಅಮೆರಿಕದಲ್ಲಿ ಗೊರೂರು’ ಬರೆದರು. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ನಗಿಸಿದ ಪುಸ್ತಕ’, ‘ಬೇರೆ ದೇಶದ ಬಗ್ಗೆ ಓದಿದ ಪುಸ್ತಕ’ ಎಂಬ ಕಾರ್ಡುಗಳಿಗೆ ಇದು ಹೇಳಿ ಮಾಡಿಸಿದ್ದು. ನೀವೂ ಹೊರಟಿದ್ದೀರಿ, ಅವರೂ ಹೋಗಿದ್ದರು ಎಂಬ ಎಳೆಯೊಂದು ಮಾತಿಗೆ ಸಿಕ್ಕಿತು.

ಇಂಗ್ಲಿಷಿನಲ್ಲೇ ಬರೆದ ಪುಸ್ತಕ ಬೇಕು ಎನ್ನುವವರು ಜಿಲ್ಲೆ ಬಿಟ್ಟು ಹೋಗಬೇಕಿಲ್ಲ. ರಾಜಾ ರಾವ್ ಹುಟ್ಟಿದ್ದು ಹಾಸನದಲ್ಲಿ, 1908ರಲ್ಲಿ. ಅವರ ‘ಕಾಂತಾಪುರ’ 1938ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಭಾರತೀಯರು ಇಂಗ್ಲಿಷಿನಲ್ಲಿ ಬರೆದ ಕಾದಂಬರಿಗಳ ಮಾತು ಬಂದಾಗಲೆಲ್ಲ ಅದರ ಹೆಸರು ಬರುತ್ತದೆ, ಆದರೆ ನಮ್ಮ ಕಡೆ ಅದನ್ನು ಓದುವವರು ಇಂಗ್ಲಿಷ್ ಎಂಎ ಸೇರಿದವರು ಮಾತ್ರ. ಕತೆ ನಡೆಯುವ ಊರು ಘಟ್ಟದ ಮೇಲಿದೆ; ಏಲಕ್ಕಿ, ಕಾಫಿ ತುಂಬಿದ ಗಾಡಿಗಳು ಕರಾವಳಿಗೆ ಇಳಿಯುವ ದಾರಿಯಲ್ಲಿ. ಊರ ದೇವತೆ ಕೆಂಚಮ್ಮ. ಹರಿಯುವ ನದಿ ಹಿಮವತಿ. ಪಕ್ಕದಲ್ಲಿ ಬಿಳಿಯರ ಕಾಫಿ ಎಸ್ಟೇಟು, ಅಲ್ಲಿಯ ಕೂಲಿಗಳ ಬವಣೆ, ಗಾಂಧಿಯ ಹೆಸರು ಹಿಡಿದು ಊರನ್ನು ಎಬ್ಬಿಸುವ ಮೂರ್ತಿ ಎಂಬ ಹುಡುಗ. ಆಲೂರು ತಾಲೂಕಿನ ಕೆಂಚಮ್ಮನ ಹೊಸಕೋಟೆಗೆ ಹೋಗಿಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕತೆ ಹೇಳುವವಳು ಊರಿನ ಒಬ್ಬ ಅಜ್ಜಿ, ಹೀಗಾಗಿ ಆ ಇಂಗ್ಲಿಷ್ ಉಸಿರು ಕಟ್ಟಿ ಓಡುತ್ತದೆ. ‘ಅಂಡ್… ಅಂಡ್…’ ಎಂದು ವಾಕ್ಯ ಮುಗಿಯುವುದೇ ಇಲ್ಲ. ಪರೀಕ್ಷೆಯಲ್ಲಿ ಆ ಧಾಟಿ ಅನುಕರಿಸಬೇಡಿ. ಪುಸ್ತಕ ಸುಲಭದ್ದೂ ಅಲ್ಲ, ಮೊದಲ ಇಪ್ಪತ್ತು ಪುಟ ದಾಟುವ ತನಕ ಹಿಡಿತಕ್ಕೆ ಸಿಗುವುದಿಲ್ಲ. ಪೂರ್ತಿ ಓದಲಾಗದಿದ್ದರೂ ‘ಓದಲು ಕಷ್ಟಪಟ್ಟ ಪುಸ್ತಕ’ ಎಂಬುದೇ ಒಂದು ಕಾರ್ಡಿನ ವಿಷಯ ಎಂಬುದನ್ನು ಮರೆಯಬೇಡಿ. ನಮ್ಮ ದೇವರು ಇಂಗ್ಲಿಷ್ ಕಾದಂಬರಿಯಲ್ಲಿ ಇದ್ದಾಳೆ ಎಂದು ಹೇಳಲು ಸಿಗುವ ಅವಕಾಶವಂತೂ ಎಲ್ಲರಿಗೂ ಇರುವುದಿಲ್ಲ.

ಪುಸ್ತಕದ ಬಗ್ಗೆ ಮಾತಾಡುವಾಗ ಕಾಲ ಕೈಕೊಡುತ್ತದೆ, ಅದನ್ನು ಇಲ್ಲೇ ಸರಿಮಾಡಿಕೊಳ್ಳಿ. ಕತೆಯೊಳಗೆ ನಡೆಯುವುದನ್ನು ಇಂಗ್ಲಿಷಿನವರು ವರ್ತಮಾನದಲ್ಲಿ ಹೇಳುತ್ತಾರೆ: ಮಂದಣ್ಣ ‘ಫೈಂಡ್ಸ್’, ‘ಟೇಕ್ಸ್’, ‘ಸೀಸ್’. ನೀವು ಓದಿದ್ದು ಭೂತಕಾಲ: ‘ಐ ರೆಡ್ ಇಟ್ ಲಾಸ್ಟ್ ಮಾನ್ಸೂನ್.’ ಬರೆದವರು ತೀರಿಕೊಂಡಿದ್ದರೆ ಅವರ ಬದುಕೂ ಭೂತಕಾಲವೇ. ತೇಜಸ್ವಿ 2007ರಲ್ಲಿ ಹೋದರು, ಚನ್ನರಾಯಪಟ್ಟಣ ತಾಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪ 2025ರ ಸೆಪ್ಟೆಂಬರ್‌ನಲ್ಲಿ. ಅವರನ್ನು ಭೇಟಿಯಾಗಬೇಕೆಂಬ ಆಸೆ ಹೇಳುವಾಗ ‘ಐ ವಾಂಟ್ ಟು ಮೀಟ್’ ಹೊಂದುವುದಿಲ್ಲ, ‘ಐ ವುಡ್ ಹ್ಯಾವ್ ಲೈಕ್ಡ್ ಟು ಮೀಟ್ ಹಿಮ್’ ಆಗಬೇಕು. ಈ ಒಂದು ವಾಕ್ಯ ವ್ಯಾಕರಣದ ಬಾಬತ್ತಿನಲ್ಲಿ ಕೂಡಲೇ ಲೆಕ್ಕಕ್ಕೆ ಬರುತ್ತದೆ.

ಕಾರ್ಡ್ ಕೈಗೆ ಬಂದ ಮೇಲಿನ ಒಂದು ನಿಮಿಷದಲ್ಲಿ ವಾಕ್ಯ ಬರೆಯಲು ಹೋಗಬೇಡಿ. ಕಾಗದ, ಪೆನ್ಸಿಲು ಅವರೇ ಕೊಡುತ್ತಾರೆ. ಐದಾರು ಪದ ಸಾಕು, ಕನ್ನಡದಲ್ಲಿ ಗೀಚಿದರೂ ತೊಂದರೆಯಿಲ್ಲ. ಆ ಚೀಟಿಗೆ ಅಂಕವಿಲ್ಲ. ಮಂದಣ್ಣ, ಜೇನು, ಓತಿ, ಅಪ್ಪ ಕೊಟ್ಟದ್ದು, ಮಳೆ ಎಂದಿದ್ದರೆ ಎರಡು ನಿಮಿಷದ ಮಾತು ಅದರಲ್ಲಿದೆ. ಎರಡು ನಿಮಿಷ ಮುಗಿದು ಅವರು ಮಧ್ಯದಲ್ಲಿ ತಡೆದರೆ ಗಾಬರಿ ಬೇಡ, ಎಲ್ಲರನ್ನೂ ತಡೆಯುತ್ತಾರೆ.

ಬಾಯಿಗೆ ಬರಬೇಕಾದರೆ

ಕಣ್ಣಿನಲ್ಲಿ ಓದಿದ ಇಂಗ್ಲಿಷ್ ಬಾಯಿಗೆ ಇಳಿಯುವುದಿಲ್ಲ. ಡ್ರೈವಿಂಗ್ ಪುಸ್ತಕ ಓದಿ ಬಿಸಿಲೆ ಘಾಟಿಯಲ್ಲಿ ಜೀಪು ಇಳಿಸಿದ ಹಾಗೆ ಅದು. ಗಟ್ಟಿಯಾಗಿ ಓದುವುದರಿಂದ ನಾಲಿಗೆ ಸ್ವಲ್ಪ ಸಡಿಲವಾಗುತ್ತದೆ, ಆದರೆ ಅಲ್ಲೂ ವಾಕ್ಯ ಬೇರೆಯವರದೇ. ಬೇಕಾದದ್ದು ಮರುಹೇಳಿಕೆ. ಕನ್ನಡದಲ್ಲಿ ಒಂದು ಅಧ್ಯಾಯವನ್ನೋ ಒಂದು ಸುದ್ದಿಯನ್ನೋ ಓದಿ, ಮುಚ್ಚಿಟ್ಟು, ಇಂಗ್ಲಿಷಿನಲ್ಲಿ ಹೇಳಿ. ಭಾಷಾ ಶಿಕ್ಷಕರು 4-3-2 ಎಂದು ಕರೆಯುವ ಅಭ್ಯಾಸವೊಂದಿದೆ, ನ್ಯೂಜಿಲೆಂಡಿನ ಪಾಲ್ ನೇಶನ್ ಅವರ ಬರಹಗಳಿಂದ ಜನಕ್ಕೆ ಹತ್ತಿರವಾದದ್ದು. ಒಂದೇ ವಿಷಯವನ್ನು ಮೊದಲು ನಾಲ್ಕು ನಿಮಿಷದಲ್ಲಿ, ಮತ್ತೆ ಮೂರರಲ್ಲಿ, ಆಮೇಲೆ ಎರಡರಲ್ಲಿ ಹೇಳುವುದು. ಪ್ರತಿ ಸಲವೂ ಕೇಳುವವರು ಬೇರೆ. ಮೊದಲ ಸಲ ಪದ ಹುಡುಕುತ್ತಾ ಹೋಗುತ್ತೀರಿ. ಮೂರನೆಯ ಸಲಕ್ಕೆ ಬೇಡದ್ದು ಉದುರಿ ಬೇಕಾದದ್ದು ಉಳಿಯುತ್ತದೆ. ಎರಡು ನಿಮಿಷದ ಕಾರ್ಡಿಗೆ ಇದಕ್ಕಿಂತ ನೇರವಾದ ತಯಾರಿ ನಾನು ಕಾಣೆ.

ಕೇಳುವವರನ್ನು ಎಲ್ಲಿಂದ ತರುವುದು? ಹೋಂಸ್ಟೇಗೆ ಬಂದ ಅತಿಥಿ ಸಿಕ್ಕರೆ ಭಾಗ್ಯ. ಪಿಯುಸಿ ಓದುವ ತಂಗಿ ಆಗುತ್ತಾಳೆ. ಇಂಗ್ಲಿಷ್ ಬಾರದ ಅಜ್ಜಿಯೂ ಆಗುತ್ತಾರೆ, ಮುಖ ನೋಡಿ ಮಾತಾಡುವ ರೂಢಿ ಆದರೆ ಸಾಕು. ಏನ್ ಮಾರಾಯ ನಿನ್ ಗೋಳು ಅಂದರೆ ಅಂದುಕೊಳ್ಳಲಿ. ಯಾರೂ ಇಲ್ಲದಿದ್ದರೆ ಫೋನಿನ ರೆಕಾರ್ಡರ್. ಹೆತ್ತೂರು, ಬಿಸಿಲೆ ಕಡೆ ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತವೆ, ಆನ್‌ಲೈನ್ ಕ್ಲಾಸನ್ನೇ ನಂಬಿ ಜೂನ್, ಜುಲೈಯಲ್ಲಿ ತಯಾರಿ ಇಟ್ಟುಕೊಳ್ಳಬೇಡಿ. ರೆಕಾರ್ಡರಿಗೆ ನೆಟ್‌ವರ್ಕ್ ಬೇಡ. ಕೇಂಬ್ರಿಡ್ಜ್‌ನವರು ತರುವ ಅಭ್ಯಾಸ ಪುಸ್ತಕಗಳ ಆಡಿಯೊವನ್ನು ಪೇಟೆಗೆ ಬಂದಾಗಲೇ ಇಳಿಸಿಕೊಳ್ಳಿ. ಹಳೆಯ ಪ್ರತಿಗಳನ್ನು ಬೆಂಗಳೂರಿನ ಅವೆನ್ಯೂ ರಸ್ತೆಯ ಸಾಲಿನಲ್ಲಿ ಹುಡುಕಿದರೆ ಕಡಿಮೆ ಬೆಲೆಗೆ ಸಿಗುವ ಸಂಭವವಿದೆ.

ರೆಕಾರ್ಡ್ ಮಾಡಿದ್ದನ್ನು ಕೇಳುವಾಗ ಏನನ್ನು ಹಿಡಿಯಬೇಕು? ಕನ್ನಡದ ನಾಲಿಗೆಗೆ ಅಂಟಿಕೊಂಡ ಕೆಲವು ಚಾಳಿಗಳಿವೆ. ‘ಎವ್ರಿ’ ಹೋಗಿ ‘ಯೆವ್ರಿ’ ಆಗುವುದು, ‘ಓನ್ಲಿ’ ಹೋಗಿ ‘ವೋನ್ಲಿ’ ಆಗುವುದು, ‘ಬುಕ್’ ಕೊನೆಗೆ ಉಕಾರ ಬೆಳೆಸಿಕೊಂಡು ‘ಬುಕ್ಕು’ ಆಗುವುದು, ‘ಫಿಕ್ಷನ್’ನ ಮೊದಲಕ್ಷರ ಮಹಾಪ್ರಾಣದ ಕಡೆ ಜಾರುವುದು. ಓದಿನ ವಿಷಯದಲ್ಲಿ ಮುಖ್ಯವಾದದ್ದು ‘ರೀಡ್’. ಭೂತಕಾಲದಲ್ಲೂ ಅಕ್ಷರ ಅದೇ, ಉಚ್ಚಾರ ‘ರೆಡ್’. ‘ಐ ರೀಡ್ ಇಟ್ ಲಾಸ್ಟ್ ಇಯರ್’ ಎಂದರೆ ಒಂದೇ ಏಟಿಗೆ ವ್ಯಾಕರಣ, ಉಚ್ಚಾರಣೆ ಎರಡೂ ಹೋದವು. ಇನ್ನೊಂದು, ಕನ್ನಡದಲ್ಲಿ ನಾವು ಎಲ್ಲ ಅಕ್ಷರಕ್ಕೂ ಸಮನಾದ ತೂಕ ಕೊಡುತ್ತೇವೆ, ಇಂಗ್ಲಿಷ್ ಹಾಗಲ್ಲ. ‘ನಾವೆಲ್’, ‘ಆಥರ್’, ‘ಲೈಬ್ರರಿ’ಗಳಲ್ಲಿ ಒತ್ತು ಮೊದಲ ತುಂಡಿನ ಮೇಲೆ, ‘ಬಯಾಗ್ರಫಿ’ಯಲ್ಲಿ ‘ಯಾ’ದ ಮೇಲೆ. ನಿಮ್ಮ ಮಾತಿನಲ್ಲಿ ಹಾಸನದ ವಾಸನೆ ಇದ್ದರೆ ಅಂಕ ಹೋಗುವುದಿಲ್ಲ, ಅರ್ಥವಾಗದಿದ್ದರೆ ಹೋಗುತ್ತದೆ. ಆದ್ದರಿಂದ ಬಿಬಿಸಿಯವರ ಹಾಗೆ ಮಾತಾಡುವ ಕಸರತ್ತು ಬಿಡಿ.

ವಾಕ್ಯದಲ್ಲಿ ಪದೇಪದೇ ತಪ್ಪುವ ಮೂರು ಕಡೆ: ರೂಢಿ ಹೇಳುವಾಗ ‘ಐ ಆ್ಯಮ್ ರೀಡಿಂಗ್ ಡೈಲಿ’ ಎನ್ನುವುದು, ಅಲ್ಲಿ ‘ಐ ರೀಡ್’ ಸಾಕು. ಈಗಲೂ ಇರುವ ಅಭ್ಯಾಸಕ್ಕೆ ‘ಐ ಯೂಸ್ಡ್ ಟು ರೀಡ್’ ಎನ್ನುವುದು. ಅದು ಬಿಟ್ಟುಹೋದ ಅಭ್ಯಾಸಕ್ಕೆ. ಮತ್ತೆ ‘ಫ್ರಮ್ ಚೈಲ್ಡ್‌ಹುಡ್ ಓನ್ಲಿ ಐ ಆ್ಯಮ್ ಲೈಕಿಂಗ್’. ಇದರ ಬದಲು ‘ಐ ಹ್ಯಾವ್ ಲೈಕ್ಡ್ ಸ್ಟೋರೀಸ್ ಸಿನ್ಸ್ ಐ ವಾಸ್ ಅ ಚೈಲ್ಡ್’ ಎಂಬುದನ್ನು ಹತ್ತು ಸಲ ಹೇಳಿ ಬಾಯಿಗೆ ಕೂರಿಸಿಕೊಳ್ಳಿ. ಉತ್ತರಗಳನ್ನು ಬಾಯಿಪಾಠ ಮಾಡಬಾರದು, ಇಂಥ ಒಂದೆರಡು ವಾಕ್ಯದ ಅಚ್ಚುಗಳನ್ನು ಮಾಡಬಹುದು.

ಮೂರನೆಯ ಭಾಗದ ಚರ್ಚೆ

ಮಕ್ಕಳು ಓದುವುದು ಕಡಿಮೆಯಾಗಿದೆಯೇ, ಲೈಬ್ರರಿ ಉಳಿಯುತ್ತದೆಯೇ, ಸರ್ಕಾರ ಏನು ಮಾಡಬೇಕು? ‘ನಾನು’ ಇಂದ ‘ಜನ’ಕ್ಕೆ ದಾಟುವ ಈ ಪ್ರಶ್ನೆಗಳಿಗೆ ಗಾಳಿಮಾತು ಸಾಲದು, ಒಂದು ಉದಾಹರಣೆ ಬೇಕು. ನಮ್ಮಲ್ಲಿ ಉದಾಹರಣೆ ಇದೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಅದರಂತೆ ಆಸ್ತಿ ತೆರಿಗೆಯ ಮೇಲೆ ಶೇ 6 ಗ್ರಂಥಾಲಯ ಕರ ಬೀಳುತ್ತದೆ. ನಿಮ್ಮ ಮನೆಯ ತೆರಿಗೆ ರಸೀದಿಯಲ್ಲಿ ಹುಡುಕಿ ನೋಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, 2020ರಲ್ಲಿ ಮಕ್ಕಳಿಗಾಗಿ ‘ಓದುವ ಬೆಳಕು’ ಶುರುವಾಯಿತು, ಈಗ ಅವುಗಳ ಹೆಸರು ಅರಿವು ಕೇಂದ್ರ. ನಿಮ್ಮ ಪಂಚಾಯಿತಿಯದ್ದು ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತದೆ, ಯಾರು ಬರುತ್ತಾರೆ, ಕಾಂಪಿಟಿಟಿವ್ ಪರೀಕ್ಷೆಯ ಗೈಡುಗಳ ಆಚೆ ಅಲ್ಲಿ ಏನಿದೆ? ಒಂದು ಸಂಜೆ ಹೋಗಿ ಕೂತು ಬನ್ನಿ. ಅಲ್ಲಿ ಕಂಡದ್ದನ್ನು ಹೇಳಿ, ‘ಬಟ್ ಇನ್ ಬಿಗ್ಗರ್ ಟೌನ್ಸ್, ಐ ಸಪೋಸ್…’ ಎಂದು ಹಿಗ್ಗಿಸಿದರೆ ಚರ್ಚೆ ಆಯಿತು. ಖಚಿತವಿಲ್ಲದ ಕಡೆ ‘ಐ ಸಪೋಸ್’, ‘ಇಟ್ ಸೀಮ್ಸ್ ಟು ಮೀ’ ಬಳಸುವುದು ದೌರ್ಬಲ್ಯವಲ್ಲ, ಅದಕ್ಕೂ ಇಲ್ಲಿ ಬೆಲೆ ಇದೆ.

ಕಾಗದವೋ ಪರದೆಯೋ ಎಂಬ ಪ್ರಶ್ನೆಗೆ ಎಲ್ಲರೂ ಪುಸ್ತಕದ ವಾಸನೆ ಇಷ್ಟ ಎನ್ನುತ್ತಾರೆ. ಮಲೆನಾಡಿನವರು ಇನ್ನೂ ನಿಜವಾದದ್ದು ಹೇಳಬಹುದು: ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ಫೋನಿಗೆ ಚಾರ್ಜ್ ಇರುವುದಿಲ್ಲ.

ಘಾಟಿ ಇಳಿಯುವ ಮೊದಲು

ಭಾರತದಲ್ಲಿ ಈಗ ಐಇಎಲ್‌ಟಿಎಸ್ ನಡೆಸುವುದು ಐಡಿಪಿ. ಬ್ರಿಟಿಷ್ ಕೌನ್ಸಿಲ್‌ನ ಇಲ್ಲಿಯ ಐಇಎಲ್‌ಟಿಎಸ್ ವ್ಯವಹಾರವನ್ನು ಅದು 2021ರಲ್ಲಿ ಕೊಂಡುಕೊಂಡಿತು. ಸಕಲೇಶಪುರದವರು ಸಾಮಾನ್ಯವಾಗಿ ಮಂಗಳೂರು ಇಲ್ಲವೇ ಬೆಂಗಳೂರು ನೋಡುತ್ತಾರೆ. ಮಂಗಳೂರು ಹತ್ತಿರ, ಆದರೆ ನಡುವೆ ಶಿರಾಡಿ ಇದೆ. 2024ರ ಜುಲೈ 26ರಂದು ಕಡಗರವಳ್ಳಿ, ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ರೈಲುಗಳು ದಿನಗಟ್ಟಲೆ ನಿಂತವು, ರಸ್ತೆಯದೂ ಮಳೆಗಾಲದಲ್ಲಿ ಭರವಸೆಯಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನಲ್ಲಿ ದಿನಾಂಕ ಹಿಡಿದರೆ ಹಿಂದಿನ ದಿನವೇ ಹೋಗಿ ಉಳಿಯಿರಿ. ಸ್ಪೀಕಿಂಗ್ ಪರೀಕ್ಷೆ ಉಳಿದವುಗಳ ದಿನವೇ ಇರಬೇಕೆಂದಿಲ್ಲ, ಹಿಂದೆ ಮುಂದೆ ಬೇರೆ ದಿನ ಬಿದ್ದರೆ ಎರಡು ಸಲ ಪ್ರಯಾಣ. ಬುಕ್ ಮಾಡುವಾಗಲೇ ನೋಡಿಕೊಳ್ಳಿ. ಬುಕಿಂಗಿಗೆ ಕೊಟ್ಟ ಅದೇ ಪಾಸ್‌ಪೋರ್ಟು, ಮೂಲಪ್ರತಿಯೇ, ಕೈಯಲ್ಲಿರಬೇಕು. ಕೊಯ್ಲಿನ ತಿಂಗಳುಗಳಲ್ಲಿ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಅರೇಬಿಕಾ ಮುಗಿದು ರೋಬಸ್ಟಾವೂ ಒಣಗಿ ಚೀಲ ಸೇರಿದ ಮೇಲೆ, ಹೂಮಳೆಯ ಹೊತ್ತಿನ ಮಾರ್ಚ್, ಏಪ್ರಿಲ್ ಅನುಕೂಲ: ದಾರಿಯೂ ತೆರೆದಿರುತ್ತದೆ, ಕರೆಂಟೂ ಇರುತ್ತದೆ.

ಫಲಿತಾಂಶಕ್ಕೆ ಎರಡು ವರ್ಷದ ಆಯುಸ್ಸು. ಮಾತಿನಲ್ಲಿ ಮಾತ್ರ ಅಂಕ ಕಡಿಮೆ ಬಂದರೆ, ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆದವರು 60 ದಿನದೊಳಗೆ ಅದೊಂದೇ ವಿಭಾಗವನ್ನು ಮತ್ತೆ ತೆಗೆದುಕೊಳ್ಳಬಹುದು, ‘ಒನ್ ಸ್ಕಿಲ್ ರೀಟೇಕ್’ ಎನ್ನುತ್ತಾರೆ. ಎಲ್ಲ ವಿಶ್ವವಿದ್ಯಾಲಯ, ಎಲ್ಲ ಕೌನ್ಸಿಲ್ ಅದನ್ನು ಒಪ್ಪುವುದಿಲ್ಲ. ಹಣ ಕಟ್ಟುವ ಮೊದಲು ನೀವು ಅರ್ಜಿ ಹಾಕುವ ಕಡೆಯವರಿಗೆ ಒಂದು ಇಮೇಲ್ ಬರೆದು ಕೇಳಿಕೊಳ್ಳಿ.